ಮನೆಯೊಳಗಿನ ಮಾತನ್ನು ಹೊರಗೆ ತಂದವಳು

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನೋದನ್ನು ಕೇಳುತ್ತಲೇ ಬೆಳೆದವರು ನಾವು. ಆದರೆ ಕೈ ಎತ್ತುವ ಗಂಡನ ಜೊತೆ ಬಾಳುವವಳಿಗೆ ಈ ಗಾದೆಯಿಂದ ಏನು ಸಮಾಧಾನ? ಎರಡು ಶತಮಾನದ ಹಿಂದೆ ಇಂಗ್ಲೆಂಡಿನಲ್ಲೂ ಹೆಂಡತಿಗೆ ಬೀಳುವ ಪೆಟ್ಟು ಮನೆಯೊಳಗಿನ ವಿಷಯವೇ ಆಗಿತ್ತು. ಅದನ್ನು ಹೊರಗೆ ತಂದವರಲ್ಲಿ ಕ್ಯಾರೊಲಿನ್ ನಾರ್ಟನ್ ಮುಖ್ಯಳು.

ಕ್ಯಾರೊಲಿನ್ ಹುಟ್ಟಿದ್ದು 1808ರಲ್ಲಿ, ಲಂಡನ್ನಿನಲ್ಲಿ. ಹೆಸರಾಂತ ನಾಟಕಕಾರ ಶೆರಿಡನ್ ಅವರ ಮೊಮ್ಮಗಳು. ತಂದೆ ಬೇಗ ತೀರಿಕೊಂಡಿದ್ದರಿಂದ ಮನೆಯಲ್ಲಿ ಹಣದ ಅಡಚಣೆ. 1827ರಲ್ಲಿ ಪಾರ್ಲಿಮೆಂಟ್ ಸದಸ್ಯನಾಗಿದ್ದ ಜಾರ್ಜ್ ನಾರ್ಟನ್ ಜೊತೆ ಮದುವೆಯಾಯಿತು. ನೋಡುವವರ ಕಣ್ಣಿಗೆ ಒಳ್ಳೆ ಸಂಬಂಧ. ಒಳಗೆ ಮಾತ್ರ ಬೇಗನೇ ಹೊಡೆತ ಬಡಿತ ಶುರುವಾಗಿತ್ತು. ಆಕೆ ತವರಿನವರ ಬಳಿ ಹೋಗೋದು, ಗಂಡ ತಪ್ಪಾಯ್ತು ಅಂತ ಕರೆಸಿಕೊಳ್ಳೋದು, ಮತ್ತೆ ಅದೇ ಕಥೆ. ಕವಿತೆ, ಕಾದಂಬರಿ ಬರೆದು ಆಕೆ ದುಡಿಯುತ್ತಿದ್ದಳು. ಆ ದುಡ್ಡೂ ಕಾನೂನಿನ ಪ್ರಕಾರ ಗಂಡನದ್ದೇ!

1836ರಲ್ಲಿ ಜಾರ್ಜ್ ಮೂವರು ಗಂಡುಮಕ್ಕಳನ್ನೂ ಆಕೆಯಿಂದ ದೂರ ಮಾಡಿದ. ಪ್ರಧಾನಿ ಲಾರ್ಡ್ ಮೆಲ್ಬೋರ್ನ್ ಜೊತೆ ಆಕೆಗೆ ಸಂಬಂಧವಿದೆ ಅಂತ ಕೇಸು ಹಾಕಿದ. ಕೇಸು ಬಿದ್ದುಹೋಯಿತು. ಆದರೆ ಆ ಕೋರ್ಟಿನಲ್ಲಿ ತನ್ನ ಪರವಾಗಿ ಮಾತಾಡುವ ಅವಕಾಶವೇ ಆಕೆಗಿರಲಿಲ್ಲ. ಮಕ್ಕಳ ಮೇಲೂ ತಾಯಿಗೆ ಹಕ್ಕಿರಲಿಲ್ಲ.

ಕ್ಯಾರೊಲಿನ್ ಅಳುತ್ತಾ ಕೂರಲಿಲ್ಲ. ಕರಪತ್ರಗಳನ್ನು ಬರೆದು ಸಂಸದರಿಗೆ ಮುಟ್ಟಿಸಿದಳು. ನಾಚಿಕೆ ಬಿಟ್ಟವಳು ಅಂತ ಬೈಸಿಕೊಂಡಳು. 1839ರಲ್ಲಿ ಕಾನೂನು ಬಂತು: ಏಳು ವರ್ಷದೊಳಗಿನ ಮಕ್ಕಳನ್ನು ತನಗೆ ಒಪ್ಪಿಸಿ ಎಂದು ತಾಯಿ ಕೋರ್ಟನ್ನು ಕೇಳಬಹುದಾಯಿತು. ಆದರೆ ಜಾರ್ಜ್ ಮಕ್ಕಳನ್ನು ಆ ಕಾನೂನು ನಡೆಯದ ಸ್ಕಾಟ್ಲೆಂಡಿನಲ್ಲಿ ಇಟ್ಟಿದ್ದ. 1842ರಲ್ಲಿ ಕಿರಿಮಗ ವಿಲಿಯಂ ಕುದುರೆಯಿಂದ ಬಿದ್ದು, ಗಾಯ ನಂಜಾಗಿ ತೀರಿಕೊಂಡ. ತಾಯಿ ತಲುಪುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಬೇರೆ ತಾಯಂದಿರಿಗೆ ದಾರಿ ಮಾಡಿಕೊಟ್ಟವಳಿಗೆ ತನ್ನ ಮಗ ಸಿಗಲಿಲ್ಲ.

ಆಮೇಲೂ ಆಕೆ ಬರೆಯೋದು ಬಿಡಲಿಲ್ಲ. 1855ರಲ್ಲಿ ವಿಕ್ಟೋರಿಯಾ ರಾಣಿಗೇ ಬಹಿರಂಗ ಪತ್ರ ಬರೆದಳು. 1857ರ ವಿಚ್ಛೇದನ ಕಾನೂನಿನಲ್ಲಿ, ಗಂಡ ಬಿಟ್ಟುಹೋದ ಹೆಂಡತಿಯ ಸಂಪಾದನೆಗೆ ರಕ್ಷಣೆ ಸಿಕ್ಕಿತು. ಕ್ಯಾರೊಲಿನ್ 1877ರಲ್ಲಿ ತೀರಿಕೊಂಡಳು. ಮರುವರ್ಷವೇ, ಹೆಂಡತಿಯನ್ನು ತೀವ್ರವಾಗಿ ಹೊಡೆದು ಶಿಕ್ಷೆಗೊಳಗಾದ ಗಂಡನಿಂದ ಆಕೆ ಬೇರೆ ಇರಲು ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದಾಯಿತು.

ನಮ್ಮಲ್ಲೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾನೂನು ಇದೆ. ಹೊಡೆತ ಮಾತ್ರವಲ್ಲ, ಹೀಯಾಳಿಸೋದು, ಖರ್ಚಿಗೆ ಕೊಡದೆ ಸತಾಯಿಸೋದೂ ಅದರಲ್ಲಿ ದೌರ್ಜನ್ಯವೇ. ಗಂಡನ ಮನೆಯಲ್ಲೇ ಉಳಿಯುವ ಹಕ್ಕೂ ಹೆಣ್ಣಿಗಿದೆ. 181ಕ್ಕೆ ಫೋನ್ ಮಾಡಿ ಸಹಾಯ ಕೇಳಬಹುದು.

ಪಕ್ಕದ ಮನೆಯವಳೋ, ಸ್ವಂತ ತಂಗಿಯೋ ಕಣ್ಣೀರಿಡುತ್ತಾ ಬಂದರೆ, ಹೊಂದಿಕೊಂಡು ಹೋಗು ಅಂತ ಕಳಿಸಿಬಿಡಬೇಡಿ. ಮೊದಲು ಕೂರಿಸಿ, ಪೂರ್ತಿ ಕೇಳಿಸಿಕೊಳ್ಳಿ.