ಕವಿಶಿಷ್ಯ ಪಂಜೆ ಮಂಗೇಶರಾಯರು

ಕವಿರಾಜಮಾರ್ಗದಿಂದ ಗಣಿಸಿದರೆ ಕನ್ನಡ ಸಾಹಿತ್ಯಕ್ಕೆ ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವುಂಟು. ಚಂಪೂ, ವಚನ, ರಗಳೆ, ಷಟ್ಪದಿ, ಸಾಂಗತ್ಯಗಳೆಂಬ ನಾನಾ ರೂಪಗಳಲ್ಲಿ ಪಂಡಿತರಿಗೂ ಭಕ್ತರಿಗೂ ಬೇಕಾದುದು ಅದರಲ್ಲಿ ಸಮೃದ್ಧವಾಗಿದೆ. ಆದರೆ ಆರು ವರ್ಷದ ಮಗು ಅಕ್ಷರಮಾಲೆಯನ್ನು ಮುಗಿಸಿ ತಲೆಯೆತ್ತಿದಾಗ ಅದರ ಕೈಗೆ ಕೊಡಬೇಕಾದ ಪುಸ್ತಕ ಯಾವುದು? ಈ ಪ್ರಶ್ನೆಯನ್ನು ತಮ್ಮ ಪಾಂಡಿತ್ಯಕ್ಕೆ ಕಿರಿದೆಂದು ಬಗೆಯದೆ, ಅದನ್ನೇ ಬಾಳಿನ ಕಾಯಕವನ್ನಾಗಿ ಮಾಡಿಕೊಂಡ ಮಹನೀಯರು ಪಂಜೆ ಮಂಗೇಶರಾಯರು. ಅಧ್ಯಾಪಕರಾಗಿ, ಶಾಲಾ ತನಿಖಾಧಿಕಾರಿಗಳಾಗಿ, ಮುಖ್ಯೋಪಾಧ್ಯಾಯರಾಗಿ ದುಡಿದ ಈ ಸಾಹಿತಿಯ ಚರಿತ್ರೆಯನ್ನು ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇನೆ.

ರಾಯರು ಜನಿಸಿದುದು 1874ನೆಯ ಫೆಬ್ರವರಿ 22ರಂದು, ನೇತ್ರಾವತಿಯ ದಡದ ಬಂಟವಾಳದಲ್ಲಿ. ತಂದೆ ರಾಮಪ್ಪಯ್ಯನವರು. ಪೂರ್ವಜರು ಸುಬ್ರಹ್ಮಣ್ಯಕ್ಕೆ ಸಮೀಪದ ಪಂಜ ಎಂಬ ಊರಿನವರಾದುದರಿಂದ ಮನೆತನಕ್ಕೆ ಆ ಹೆಸರು ಬಂದಿತು. ಇಲ್ಲಿ ಲಕ್ಷಿಸಬೇಕಾದ ಸಂಗತಿಯೊಂದಿದೆ. ಈ ಕನ್ನಡದ ಆಚಾರ್ಯರ ಮನೆಮಾತು ಕನ್ನಡವಲ್ಲ, ಕೊಂಕಣಿ. ಬೀದಿಯಲ್ಲಿ, ಸಂತೆಯಲ್ಲಿ ಕಿವಿಗೆ ಬೀಳುತ್ತಿದ್ದುದು ತುಳು. ಕನ್ನಡವು ಅವರಿಗೆ ಮುಖ್ಯವಾಗಿ ಶಾಲೆಯಿಂದ, ಪುಸ್ತಕದಿಂದ ಒಲಿದು ಬಂದ ಭಾಷೆ. ತಾಯಿಯ ತೊಡೆಯ ಮೇಲೆ ಕಲಿತ ಮಾತಿನಲ್ಲಿ ಬರೆಯುವವನಿಗೆ ಭಾಷೆಯ ತೊಡಕುಗಳು ಕಾಣಿಸುವುದೇ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದವನಿಗೆ ಎಲ್ಲಿ ಕಾಲು ಜಾರುವುದೆಂಬುದು ತಿಳಿದಿರುತ್ತದೆ. ರಾಯರ ಶಿಶುಸಾಹಿತ್ಯದ ಮರ್ಮವನ್ನು ಅರಿಯಬೇಕಾದರೆ ಈ ಅಂಶವನ್ನು ಮರೆಯಬಾರದು.

ಮಂಗಳೂರಿನಲ್ಲಿ ವ್ಯಾಸಂಗ ನಡೆಸಿ, ಅಲ್ಲಿಯೇ ಅಧ್ಯಾಪನವೃತ್ತಿಯನ್ನು ಹಿಡಿದ ರಾಯರಿಗೆ ಬಾಂಧವ್ಯದಿಂದಲೂ ಸಾಹಿತ್ಯದಿಂದಲೂ ಹತ್ತಿರದವರಾಗಿದ್ದವರು ಬೆನಗಲ್ ರಾಮರಾಯರು. ರಾಮರಾಯರ ಸೋದರಿಯೇ ಪಂಜೆಯವರ ಧರ್ಮಪತ್ನಿ. ರಾಮರಾಯರು ನಡೆಸುತ್ತಿದ್ದ ಸುವಾಸಿನಿ ಪತ್ರಿಕೆಯಲ್ಲಿ 1900ರಲ್ಲಿ ಪಂಜೆಯವರ ‘ನನ್ನ ಚಿಕ್ಕತಾಯಿ’ ಅಚ್ಚಾಯಿತು. ಹೊಸಗನ್ನಡದ ಸಣ್ಣಕಥೆಯ ಚರಿತ್ರೆಯನ್ನು ಬರೆಯುವವರು ಇಂದಿಗೂ ಈ ಕಥೆಯ ಬಳಿಗೆ ಬರಲೇಬೇಕು. ಹರಟೆಮಲ್ಲ ಎಂಬ ಹೆಸರಿನಿಂದ ಅವರು ವಿನೋದ ಬರೆಹಗಳನ್ನೂ ರಚಿಸಿದರು. ಅವರ ಹಾಸ್ಯವು ಮೊದಲು ಬೆಳಕು ಕಂಡುದು ದೊಡ್ಡವರಿಗಾಗಿ ಬರೆದ ಇಂಥ ಗದ್ಯದಲ್ಲಿ. ಮುಂದೆ ಅದೇ ಹಾಸ್ಯ ಮಕ್ಕಳ ಕಡೆಗೆ ತಿರುಗಿದಾಗ ಕನ್ನಡಕ್ಕೆ ಅಪೂರ್ವವಾದ ಲಾಭವಾಯಿತು.

ಆಗಿನ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ರಾಜಧಾನಿ ದೂರ; ಆಡಳಿತದ ಕಣ್ಣಿನಲ್ಲಿ ಕನ್ನಡವು ಹಲವು ದೇಶಭಾಷೆಗಳಲ್ಲೊಂದು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಕನ್ನಡ ಪುಸ್ತಕಗಳನ್ನು ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತಿತ್ತು. ಕಿಟ್ಟೆಲರ ನಿಘಂಟು 1894ರಲ್ಲಿ ಅಲ್ಲಿಂದಲೇ ಹೊರಬಂದಿತ್ತು. ಅಚ್ಚಿಗೆ ಕೊರತೆಯಿರಲಿಲ್ಲ, ಮಗುವಿನ ನಾಲಗೆಗೆ ಒಗ್ಗುವ ಪಾಠಗಳಿಗೆ ಕೊರತೆಯಿತ್ತು. ಶಾಲೆಗಳ ತನಿಖಾಧಿಕಾರಿಯಾಗಿ ಊರೂರು ಸುತ್ತುವ ಉದ್ಯೋಗ ಪಂಜೆಯವರ ಪಾಲಿಗೆ ಬಂದಿತು. ತನಿಖೆಯೆಂದರೆ ಅಧ್ಯಾಪಕರು ನಡುಗುವ, ಮಕ್ಕಳು ಬಾಯಿಮುಚ್ಚುವ ದಿನವೆಂಬುದು ರೂಢಿ. ಪಂಜೆಯವರಿಗೆ ಆ ಸಂಚಾರವೇ ಮಕ್ಕಳ ಮನಸ್ಸನ್ನು ಓದುವ ಪಾಠಶಾಲೆಯಾಯಿತು. 1912ರಿಂದ ಮೊದಲ್ಗೊಂಡು ಅವರು ಸಂಕಲಿಸಿಕೊಟ್ಟ ಕನ್ನಡ ಪದ್ಯಪುಸ್ತಕದ ಭಾಗಗಳು ಈ ಅನುಭವದ ಫಲಗಳು. ಹಳೆಯ ಕಾವ್ಯಭಾಗಗಳ ಜೊತೆಗೆ ಹೊಸ ಮಟ್ಟಿನ, ಹೊಸ ಲಯದ ಪದ್ಯಗಳು ಶಾಲೆಯೊಳಕ್ಕೆ ಕಾಲಿಟ್ಟವು. ಅವುಗಳಲ್ಲಿ ಎಷ್ಟೋ ಕವಿಶಿಷ್ಯ ಎಂಬ ಅಂಕಿತವುಳ್ಳವು. ತನ್ನನ್ನು ಕವಿಯೆಂದು ಕರೆದುಕೊಳ್ಳದೆ ಕವಿಗಳ ಶಿಷ್ಯನೆಂದು ಕರೆದುಕೊಂಡ ವಿನಯ ಅದು.

ಅವರ ಮಕ್ಕಳ ಕಥೆಗಳ ಶೀರ್ಷಿಕೆಗಳನ್ನೇ ಪರಿಶೀಲಿಸಿದರೆ ಬೋಧಕನ ಕೌಶಲ ಗೋಚರವಾಗುತ್ತದೆ. ‘ಇಲಿಗಳ ಥಕ ಥೈ’, ‘ಗುಡುಗುಡು ಗುಮ್ಮಟ ದೇವರು’, ‘ಸಿಗಡಿ ಯಾಕೆ ಒಣಗಲಿಲ್ಲ?’, ‘ಮೆಣಸಿನ ಕಾಳಪ್ಪ’, ‘ಮೂರು ಕರಡಿಗಳು’. ಕೇಶಿರಾಜನನ್ನು ಓದಿದವರಿಗೆ ಅನುಕರಣ ಶಬ್ದವೆಂದರೇನೆಂದು ಗೊತ್ತು. ಅದನ್ನು ಓದಲಾರದ ಮಗುವಿಗೆ ಥಕ ಥೈ ಎಂಬ ಮಾತಿನಲ್ಲಿಯೇ ಲಕ್ಷ್ಯ ಸಿಕ್ಕಿಬಿಡುತ್ತದೆ. ಲಕ್ಷಣ ಮುಂದೆ ಯಾವಾಗಲಾದರೂ ಬಂದೀತು. ಗುಡುಗುಡು ಎಂಬಲ್ಲಿ ದ್ವಿರುಕ್ತಿ ನಗುತ್ತ ನಿಂತಿದೆ. ಒಣಗಲಿಲ್ಲ ಎಂಬುದು ಭೂತಕಾಲದ ನಿಷೇಧರೂಪ. ಕನ್ನಡವನ್ನು ಹೊಸದಾಗಿ ಕಲಿಯುವವರು ತಡವರಿಸುವ ಎಡೆಗಳಲ್ಲಿ ಇದೂ ಒಂದು. ಸಿಗಡಿಯ ಕಥೆ ಸರಪಳಿಯ ಹಾಗೆ ಸಾಗುವಂಥದು. ಒಂದು ಕೆಲಸವೇಕೆ ಆಗಲಿಲ್ಲವೆಂದರೆ ಇನ್ನೊಂದು ಆಗಲಿಲ್ಲವಾದುದರಿಂದ. ಅದೇಕೆ ಆಗಲಿಲ್ಲವೆಂದರೆ ಮತ್ತೊಂದು ಆಗಲಿಲ್ಲವಾದುದರಿಂದ. ಕಥೆ ಮುಗಿಯುವ ಹೊತ್ತಿಗೆ ಮಗುವಿನ ಕಿವಿ ಆ ಕ್ರಿಯಾರೂಪವನ್ನು ಮತ್ತೆ ಮತ್ತೆ ಕೇಳಿ, ನಾಲಗೆ ತಾನಾಗಿ ನುಡಿಯತೊಡಗುತ್ತದೆ. ಕಾರ್ಯಕ್ಕೆ ಕಾರಣವುಂಟೆಂಬ ತರ್ಕದ ಮೊದಲ ಪಾಠವೂ ಜೊತೆಯಲ್ಲಿ ಆಗಿಹೋಗುತ್ತದೆ. ಇಷ್ಟಾಗಿ ಮಗುವಿಗೆ ತಾನು ಪಾಠ ಕಲಿತೆನೆಂಬ ಅರಿವೇ ಇರುವುದಿಲ್ಲ. ತಾನು ನಕ್ಕೆನೆಂಬುದಷ್ಟೇ ಅದಕ್ಕೆ ಗೊತ್ತು. ಕನ್ನಡ ಮೂಲ ವ್ಯಾಕರಣವೆಂಬ ಪಾಠ್ಯಗ್ರಂಥವನ್ನು ಬರೆದ ಕೈಯೇ ಈ ಕಥೆಗಳನ್ನೂ ಬರೆಯಿತೆಂಬುದನ್ನು ನೆನೆದರೆ, ಇದು ಆಕಸ್ಮಿಕವಲ್ಲವೆಂದು ಮನದಟ್ಟಾಗುವುದು.

ಅವರ ಕಥೆಗಳಲ್ಲಿ ನೀತಿಯಿಲ್ಲವೆ? ಉಂಟು, ಆದರೆ ಅದು ಕೊನೆಯಲ್ಲಿ ಬಾಲದಂತೆ ಅಂಟಿಕೊಂಡುದಲ್ಲ. ‘ಗುಡುಗುಡು ಗುಮ್ಮಟ ದೇವರು’ ಒಬ್ಬರನ್ನು ಕಂಡು ಒಬ್ಬರು ವಿಚಾರಿಸದೆ ಕೈಮುಗಿಯುತ್ತ ಹೋಗುವ ಜನರ ಕುರುಡು ನಂಬಿಕೆಯನ್ನು ಹಾಸ್ಯದಿಂದಲೇ ಬಯಲುಮಾಡುತ್ತದೆ. ವಿಚಾರವಿಲ್ಲದ ಆಚಾರವನ್ನು ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲಿ ನಿಷ್ಠುರವಾಗಿ ಖಂಡಿಸಿದರು. ಪಂಜೆಯವರು ತಮ್ಮ ದಾರಿಯಲ್ಲಿ, ಬಾಲಕರಿಗೆ ತಕ್ಕ ಮೆಲುನಗೆಯಲ್ಲಿ, ಅದೇ ಎಚ್ಚರವನ್ನು ಬಿತ್ತಿದರು. ಪರದೇಶದ ಕಥೆಗಳನ್ನು ತಂದಾಗಲೂ ಭಾಷಾಂತರದ ಗಡಸುತನವನ್ನು ಉಳಿಸದೆ, ನಮ್ಮ ಮನೆಯಂಗಳದಲ್ಲಿ ನಡೆದಂತೆ ಹೇಳಿದರು. ತುಳುನಾಡಿನ ಪಾಡ್ದನಗಳ ವೀರರಾದ ಕೋಟಿ ಚೆನ್ನಯರ ಕಥೆಯನ್ನು ಕನ್ನಡ ಗದ್ಯಕ್ಕೆ ತಂದವರೂ ಅವರೇ. ನೆರೆಯ ನುಡಿಯ ಸಂಪತ್ತನ್ನು ಕನ್ನಡಕ್ಕೆ ಗೌರವದಿಂದ ಬರಮಾಡಿಕೊಂಡ ಪರಿ ಇದು.

ಪದ್ಯಗಳಲ್ಲಿ ಅವರು ಪದಗಳಿಂದ ಚಿತ್ರ ಬರೆದರು. ‘ಹಾವಿನ ಹಾಡಿ’ನಲ್ಲಿ ಮಗುವು ನಾಗರನನ್ನು ಸವಿನುಡಿಯಿಂದ ಕರೆಯುತ್ತದೆ, ಅಷ್ಟೇ ಸವಿನುಡಿಯಿಂದ ಕಳುಹಿಸಿಯೂ ಕೊಡುತ್ತದೆ. ಭಯವೂ ಕುತೂಹಲವೂ ಒಂದಾದ ಬಾಲ್ಯದ ಆ ಮನಃಸ್ಥಿತಿಗೆ ಅದಕ್ಕಿಂತ ಒಳ್ಳೆಯ ಚಿತ್ರ ಬೇಕಿಲ್ಲ. ‘ತೆಂಕಣಗಾಳಿಯಾಟ’ದಲ್ಲಿ ಕರಾವಳಿಯ ಗಾಳಿ ವರ್ಣನೆಯಾಗಿ ಬರುವುದಿಲ್ಲ, ಅಕ್ಷರಗಳ ಸದ್ದಾಗಿ ಬಂದು ಕಿವಿಗೆ ಬಡಿಯುತ್ತದೆ. ‘ಉದಯರಾಗ’, ‘ಡೊಂಬರ ಚೆನ್ನೆ’ ಮುಂತಾದವು ತಲೆಮಾರುಗಳವರೆಗೆ ಶಾಲೆಗಳಲ್ಲಿ ಉಳಿದುವು. ಬಣ್ಣಬಣ್ಣದ ಚಿತ್ರಪುಸ್ತಕಗಳು ಸುಲಭವಾಗಿ ದೊರೆಯುವ ಈ ಕಾಲದಲ್ಲಿಯೂ ಪಂಜೆಯವರ ಪದ್ಯಗಳು ಬಾಡಿಲ್ಲ. ಚಿತ್ರವು ಅವುಗಳ ಮಾತಿನೊಳಗೇ ಇರುವುದು ಅದಕ್ಕೆ ಕಾರಣ.

1921ರಲ್ಲಿ ಮಂಗಳೂರಿನಲ್ಲಿ ಪಂಜೆಯವರ ಮುಂದಾಳುತನದಲ್ಲಿ ಬಾಲಸಾಹಿತ್ಯ ಮಂಡಲ ಸ್ಥಾಪಿತವಾಯಿತು. ಮಕ್ಕಳ ಪುಸ್ತಕಗಳನ್ನು ಬರೆದು, ಬರೆಸಿ, ಅಚ್ಚುಹಾಕಿಸುವುದೇ ಅದರ ಉದ್ದೇಶ. ಒಬ್ಬನೇ ಬರೆದರೆ ಹತ್ತು ಪುಸ್ತಕವಾದೀತು, ಹಲವರು ಕೂಡಿದರೆ ಒಂದು ಸಾಹಿತ್ಯವೇ ಆದೀತೆಂಬ ದೂರದೃಷ್ಟಿ ಅದರಲ್ಲಿತ್ತು. ಉದ್ಯೋಗದ ಕೊನೆಯ ಭಾಗದಲ್ಲಿ ಮಡಿಕೇರಿಯ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದಾಗ, ಕೊಡವ ನುಡಿಯ ಆ ನಾಡನ್ನು ಕುರಿತು ‘ಹುತ್ತರಿಯ ಹಾಡ’ನ್ನು ರಚಿಸಿದರು. ಹೊರಗಿನಿಂದ ಬಂದ ಅಧ್ಯಾಪಕನೊಬ್ಬನ ಹಾಡನ್ನು ಕೊಡಗಿನವರು ತಮ್ಮದೇ ನಾಡಗೀತೆಯೆಂದು ಎದೆಗೆ ಹಚ್ಚಿಕೊಂಡರು. 1934ರಲ್ಲಿ ರಾಯಚೂರಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. ರಾಯಚೂರು ಅಂದು ನಿಜಾಮರ ಸೀಮೆ. ಶಾಲೆಗಳಲ್ಲಿ ಉರ್ದು ಮುಂದೆ, ಕನ್ನಡ ಹಿಂದೆ. ಅಂಥ ನೆಲದಲ್ಲಿ ಮಕ್ಕಳ ಕವಿಯೊಬ್ಬರು ಅಧ್ಯಕ್ಷರಾದುದು ಸಮಂಜಸವೇ ಆಗಿತ್ತು. ಮೂರು ವರ್ಷಗಳ ಅನಂತರ, 1937ನೆಯ ಅಕ್ಟೋಬರ್ 25ರಂದು, ತಮ್ಮ 63ನೆಯ ವಯಸ್ಸಿನಲ್ಲಿ ಅವರು ದಿವಂಗತರಾದರು.

ಇವರ ಚರಿತ್ರೆಯಿಂದ ಪೀಣ್ಯದ ಆಸುಪಾಸಿನ ನಮ್ಮಂಥ ಶಾಲೆಗೆ ಏನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ಒಂದು ಕಾಲಕ್ಕೆ ರಾಗಿಯ ಹೊಲಗಳಿದ್ದ ಈ ಭೂಮಿಯಲ್ಲಿ ಇಂದು ಕಾರ್ಖಾನೆಗಳು ಒತ್ತೊತ್ತಾಗಿ ನಿಂತಿವೆ. ಅಲ್ಲಿ ದುಡಿಯಲು ಬಂದವರ ಮಕ್ಕಳು ತೆಲುಗು, ತಮಿಳು, ಉರ್ದು, ಹಿಂದಿ, ಒಡಿಯಾ ಮೊದಲಾದ ಮನೆಮಾತುಗಳೊಡನೆ ಶಾಲೆಗೆ ಬರುತ್ತಾರೆ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ ಮಕ್ಕಳ ಕನ್ನಡವೂ ಪುಸ್ತಕದ ಕನ್ನಡಕ್ಕಿಂತ ಬೇರೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮ ನಾಡಿನ ಶಾಲೆಗಳಲ್ಲಿ ಕನ್ನಡದ ಕಲಿಕೆಯನ್ನು ಕಡ್ಡಾಯಗೊಳಿಸಿತು. ಕಾನೂನು ಭಾಷೆಯನ್ನು ತರಗತಿಯ ಬಾಗಿಲವರೆಗೆ ತರಬಲ್ಲದು. ಮಗುವಿನ ನಾಲಗೆಗೆ ತರುವವನು ಅಧ್ಯಾಪಕನೇ. ಮನೆಯಲ್ಲಿ ಕನ್ನಡವಿಲ್ಲದ ಮಗುವಿಗೆ ಕನ್ನಡ ಬಾರದೆಂದು ಕೈಚೆಲ್ಲುವವರಿಗೆ, ಕೊಂಕಣಿಯ ಮನೆಯಿಂದ ಬಂದು ಕನ್ನಡದ ಮಕ್ಕಳಿಗೆ ಕನ್ನಡ ಕಲಿಸಿದ ಪಂಜೆಯವರ ಬಾಳೇ ಉತ್ತರ. ಹೆದರಿದ ನಾಲಗೆ ಹೊರಳುವುದಿಲ್ಲ, ನಕ್ಕ ನಾಲಗೆ ಹೊರಳುತ್ತದೆ. ಆದುದರಿಂದ ಇಂಥ ಮಕ್ಕಳಿಗೆ ಮೊದಲು ಕೊಡಬೇಕಾದುದು ಕಾಗುಣಿತದ ಕಾಪಿಯನ್ನಲ್ಲ, ನಗಿಸುವ ಕಥೆಯನ್ನು.

ಅಧ್ಯಾಪಕ ಬಂಧುಗಳು ಮೊದಲ ಮೂರು ತರಗತಿಗಳಲ್ಲಿ ದಿನಕ್ಕೆ ಹತ್ತು ನಿಮಿಷಗಳನ್ನು ಇಂಥ ಕಥೆಯನ್ನು ಗಟ್ಟಿಯಾಗಿ ಓದಿ ಹೇಳುವುದಕ್ಕೆ ಮೀಸಲಿಟ್ಟರೆ ಅದರ ಫಲವನ್ನು ಒಂದು ವರ್ಷದಲ್ಲಿ ತಾವೇ ಕಾಣುವರು. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಈ ಸಂಸ್ಥೆಗೆ ಕೊಠಡಿಗಳನ್ನು ಕಟ್ಟಿಸಿಕೊಟ್ಟಿದ್ದಾರೆ, ಅವರ ಔದಾರ್ಯ ದೊಡ್ಡದು. ಆ ಕೊಠಡಿಗಳಲ್ಲಿ ಒಂದೊಂದು ಕಪಾಟು ಮಕ್ಕಳ ಕಥೆಪುಸ್ತಕಗಳಿಂದ ತುಂಬಿದರೆ, ಅದಕ್ಕೆ ಬೀಗವಿಲ್ಲದಿದ್ದರೆ, ಕಟ್ಟಡಕ್ಕೆ ಜೀವ ಬರುವುದು. ಪುಸ್ತಕಗಳು ಹರಿಯುತ್ತವೆಂದು ಚಿಂತಿಸಬೇಕಾಗಿಲ್ಲ. ಮಕ್ಕಳ ಕೈಯಲ್ಲಿ ಹರಿದ ಪುಸ್ತಕ ಓದಿಸಿಕೊಂಡ ಪುಸ್ತಕ. ಕವಿಗಳ ಶಿಷ್ಯನೆಂದು ತಮ್ಮನ್ನು ಕರೆದುಕೊಂಡು, ನಾಡಿನ ಮಕ್ಕಳಿಗೆಲ್ಲ ಗುರುವಾದ ಆ ಹಿರಿಯರಿಗೆ ಅದಕ್ಕಿಂತ ಮಿಗಿಲಾದ ಸ್ಮಾರಕ ಬೇಕಿಲ್ಲ.