ಸಂತ ಫ್ರಾನ್ಸಿಸ್ ಕ್ಸೇವಿಯರ್: ನೊವೆನಾ ನಮಗೆ ಕಲಿಸುವುದೇನು?

ಮಲಪ್ರಭೆ ಹುಟ್ಟುವ ಕಣಕುಂಬಿಯನ್ನು ದಾಟಿ ಚೋರ್ಲಾ ಘಾಟ್ ಇಳಿದರೆ ಗೋವೆ. ನವೆಂಬರ್ ತಿಂಗಳ ಕೊನೆಯಲ್ಲಿ ಬೆಳಗಾವಿ, ಖಾನಾಪುರ ಕಡೆಯ ನಮ್ಮ ವಿಶ್ವಾಸಿಗಳು ಹಳೆ ಗೋವೆಯತ್ತ ಹೊರಡುತ್ತಾರೆ. ಕೆಲವರು ಕಾಲ್ನಡಿಗೆಯಲ್ಲೇ ಹೋಗುವುದುಂಟು. ಅಲ್ಲಿ ನವೆಂಬರ್ 24ರಿಂದ ಒಂಬತ್ತು ದಿನ ನೊವೆನಾ, ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ.

ಹೋಗುವ ಪ್ರತಿಯೊಬ್ಬರ ಮನದಲ್ಲೂ ಒಂದು ಕೋರಿಕೆ ಇರುತ್ತದೆ. ಮಗನಿಗೆ ಕೆಲಸ, ಮಗಳಿಗೆ ಮದುವೆ, ರೋಗಿಗೆ ಆರೋಗ್ಯ. ಮರಳಿ ಬಂದವರಲ್ಲಿ ಕೆಲವರು ಗುರುಗಳ ಬಳಿ ನೊಂದು ಕೇಳುತ್ತಾರೆ: ಒಂಬತ್ತು ದಿನವೂ ತಪ್ಪದೆ ಪ್ರಾರ್ಥಿಸಿದೆ, ಬೇಡಿದ್ದು ಯಾಕೆ ಸಿಗಲಿಲ್ಲ? ಈ ಪ್ರಶ್ನೆಗೆ ಸಂತರ ಬದುಕೇ ಉತ್ತರ ಕೊಡುತ್ತದೆ.

ಫ್ರಾನ್ಸಿಸರು 1506ರ ಏಪ್ರಿಲ್ 7ರಂದು ಸ್ಪೇನಿನ ನವಾರ್ ಪ್ರಾಂತ್ಯದ ಕ್ಸೇವಿಯರ್ ಕೋಟೆಯಲ್ಲಿ ಹುಟ್ಟಿದರು. ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಓದುವಾಗ ದೊಡ್ಡ ಪದವಿಯ ಕನಸು ಕಂಡಿದ್ದರು. ಅಲ್ಲಿ ಸಂತ ಇಗ್ನಾಸಿಯವರ ಸಹವಾಸ ಅವರ ಮನಸ್ಸನ್ನು ಕ್ರಿಸ್ತರ ಕಡೆಗೆ ತಿರುಗಿಸಿತು. ಯೇಸುಸಭೆಯ ಮೊದಲ ಸದಸ್ಯರಲ್ಲಿ ಒಬ್ಬರಾಗಿ, ಹದಿಮೂರು ತಿಂಗಳ ಪ್ರಯಾಣದ ನಂತರ 1542ರ ಮೇ 6ರಂದು ಗೋವೆ ತಲುಪಿದರು.

ಅಲ್ಲಿ ಅವರು ಆಸ್ಪತ್ರೆಯಲ್ಲೇ ವಾಸವಿದ್ದು ರೋಗಿಗಳ ಸೇವೆ ಮಾಡಿದರು, ಸೆರೆಯಾಳುಗಳನ್ನೂ ಕುಷ್ಠರೋಗಿಗಳನ್ನೂ ಸಂದರ್ಶಿಸಿದರು. ಗಂಟೆ ಬಾರಿಸುತ್ತಾ ಬೀದಿಗಳಲ್ಲಿ ನಡೆದು, ಮಕ್ಕಳನ್ನು ಕೂಡಿಸಿ ಧರ್ಮೋಪದೇಶ ಕಲಿಸಿದರು. ಅದೇ ವರ್ಷ ತಮಿಳು ಕರಾವಳಿಯ ಮೀನುಗಾರರ ಬಳಿಗೆ ಹೋಗಿ, ಸ್ಥಳೀಯರ ನೆರವಿನಿಂದ ಪ್ರಾರ್ಥನೆಗಳನ್ನು ತಮಿಳಿಗೆ ತರಿಸಿ, ತಾವೇ ಬಾಯಿಪಾಠ ಮಾಡಿ ಜನರಿಗೆ ಹೇಳಿಕೊಟ್ಟರು. ಮುಂದೆ ಮಲಕ್ಕಾ, ಮೊಲುಕ್ಕಾ ದ್ವೀಪಗಳು; 1549ರಲ್ಲಿ ಜಪಾನ್.

ಕೊನೆಗೆ ಅವರಿಗೆ ಉಳಿದದ್ದು ಒಂದೇ ಬಯಕೆ: ಚೀನಾ ದೇಶಕ್ಕೆ ಶುಭಸಂದೇಶ ಒಯ್ಯುವುದು. ಚೀನಾದ ತೀರಕ್ಕೆ ಸಮೀಪದ ಸಾನ್ಸಿಯನ್ ದ್ವೀಪದಲ್ಲಿ ದೋಣಿಗಾಗಿ ಕಾದರು. ದೋಣಿ ಬರಲಿಲ್ಲ, ಜ್ವರ ಬಂತು. 1552ರ ಡಿಸೆಂಬರ್ 3ರಂದು, 46ನೆಯ ವಯಸ್ಸಿನಲ್ಲಿ ಪ್ರಾಣ ಬಿಟ್ಟರು. ಅಂತೋನಿ ಎಂಬ ಚೀನೀ ಯುವಕ ಕೊನೆಯವರೆಗೂ ಅವರ ಜೊತೆಗಿದ್ದ. ಅವರ ಪವಿತ್ರ ಶರೀರ 1554ರ ಮಾರ್ಚ್‌ನಲ್ಲಿ ಗೋವೆಗೆ ಬಂತು. 1622ರ ಮಾರ್ಚ್ 12ರಂದು ಜಗದ್ಗುರು ಹದಿನೈದನೆಯ ಗ್ರೆಗೊರಿಯವರು ಅವರನ್ನು ಸಂತರೆಂದು ಘೋಷಿಸಿದರು.

ಇನ್ನು ನೊವೆನಾದ ಕತೆ. 1633ರ ಡಿಸೆಂಬರ್‌ನಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಪೀಠದ ಅಲಂಕಾರ ಬಿಚ್ಚುವಾಗ, ಮೇಲಿಂದ ಬಿದ್ದ ಸುತ್ತಿಗೆ ಯೇಸುಸಭೆಯ ಮಾರ್ಸೆಲ್ಲೊ ಮಸ್ತ್ರಿಲ್ಲಿಯವರ ತಲೆಗೆ ಬಡಿಯಿತು. ಸಾವಿನ ಅಂಚಿನಲ್ಲಿದ್ದ ಅವರು 1634ರ ಜನವರಿಯಲ್ಲಿ ಗುಣಮುಖರಾದರು. ಕ್ಸೇವಿಯರರು ತಮಗೆ ದರ್ಶನವಿತ್ತರೆಂದು ಅವರೇ ಸಾಕ್ಷಿ ನುಡಿದರು. ಇದರಿಂದ ಮಾರ್ಚ್ 4ರಿಂದ 12ರವರೆಗಿನ ವರಪ್ರಸಾದದ ನೊವೆನಾ ಹುಟ್ಟಿ, ಇಟಲಿಯಿಂದ ಲೋಕದೆಲ್ಲೆಡೆ ಹಬ್ಬಿತು.

ಮರಳಿ ಸಿಕ್ಕ ಪ್ರಾಣವನ್ನು ಮಸ್ತ್ರಿಲ್ಲಿಯವರು ಏನು ಮಾಡಿದರು? ಹರಕೆಯಂತೆ ಗೋವೆಗೆ ಬಂದರು. ಇಂದು ಬೊಮ್ ಜೀಸಸ್ ಬೆಸಿಲಿಕಾದಲ್ಲಿ ನಾವು ಕಾಣುವ ಬೆಳ್ಳಿಯ ಪೆಟ್ಟಿಗೆ ಅವರ ಪ್ರೇರಣೆಯಿಂದ ಆದದ್ದು. ಗೋವೆಯ ಅಕ್ಕಸಾಲಿಗರ ಕೈಕೆಲಸ. ಅಲ್ಲಿಂದ ಜಪಾನಿಗೆ ಹೋಗಿ, 1637ರ ಅಕ್ಟೋಬರ್ 17ರಂದು ನಾಗಸಾಕಿಯಲ್ಲಿ ರಕ್ತಸಾಕ್ಷಿಯಾದರು.

ಪ್ರಿಯ ವಿಶ್ವಾಸಿಗಳೇ, ಇಲ್ಲಿ ಇಬ್ಬರನ್ನು ನೋಡಿದೆವು. ಒಬ್ಬರು ಬಯಸಿದ ಚೀನಾ ಅವರಿಗೆ ದೊರಕಲಿಲ್ಲ. ಇನ್ನೊಬ್ಬರಿಗೆ ಆರೋಗ್ಯ ದೊರಕಿತು, ಆದರೆ ಅದನ್ನು ತಮಗಾಗಿ ಇಟ್ಟುಕೊಳ್ಳಲಿಲ್ಲ. ಈಡೇರದ ಪ್ರಾರ್ಥನೆ ದೇವರು ನಮ್ಮನ್ನು ಕೈಬಿಟ್ಟ ಗುರುತಲ್ಲ; ಹಾಗಿದ್ದರೆ ಸಾನ್ಸಿಯನ್ ದ್ವೀಪದಲ್ಲಿ ಸತ್ತವರನ್ನು ಧರ್ಮಸಭೆ ಸಂತರೆನ್ನುತ್ತಿರಲಿಲ್ಲ. ಈಡೇರಿದ ಪ್ರಾರ್ಥನೆಯಾದರೋ ನಮ್ಮ ಮೇಲಿನ ಋಣ.

ಆದ್ದರಿಂದ ಈ ಸಲ ನೊವೆನಾ ಮಾಡುವಾಗ ಕೋರಿಕೆಯನ್ನು ಸಂಕೋಚವಿಲ್ಲದೆ ಮುಂದಿಡೋಣ. ಜೊತೆಗೆ ಒಂದು ಮಾತನ್ನೂ ಕೊಡೋಣ: ನೆರೆಮನೆಯ ರೋಗಿಯೊಬ್ಬರನ್ನು ಕಾಣುತ್ತೇನೆ, ಸಂಜೆ ಮಕ್ಕಳನ್ನು ಕೂಡಿಸಿ ಜಪಮಾಲೆ ಹೇಳಿಕೊಡುತ್ತೇನೆ. ಗೋವೆಯ ಬೀದಿಯಲ್ಲಿ ಬಾರಿಸಿದ ಆ ಗಂಟೆ ನಮ್ಮ ಮನೆಗಳಲ್ಲಿ ಕೇಳಿಸಿದರೆ, ಯಾತ್ರೆ ಸಾರ್ಥಕ.