ಕರೆದ ಕೆಲಸ ಮುಗಿಸಿ ಮರಳುವ ದಾರಿ: ಅಲನ್ ಟ್ಯೂರಿಂಗ್

ಪೈಥಾನ್, ಜಾವಾಸ್ಕ್ರಿಪ್ಟ್ ಮೊದಲಾದ ಭಾಷೆಗಳಲ್ಲಿ ಪ್ರೋಗ್ರಾಂ ಬರೆಯಲು ಕಲಿಯುವವರಿಗೆ ಆರಂಭದಲ್ಲೇ ಎದುರಾಗುವುದು ಫಂಕ್ಷನ್. ಒಂದು ಕೆಲಸದ ಕ್ರಮವನ್ನು ಒಮ್ಮೆ ಬರೆದು ಹೆಸರಿಡುವುದು ಘೋಷಣೆ. ಬೇಕಾದೆಡೆ ಆ ಹೆಸರನ್ನೂ ಆವರಣದೊಳಗೆ ಅಗತ್ಯ ಮೌಲ್ಯಗಳನ್ನೂ ಬರೆದು ಕೆಲಸ ಮಾಡಿಸಿಕೊಳ್ಳುವುದು ಕರೆ. ಕೆಲಸ ಮುಗಿದೊಡನೆ ಗಣಕಯಂತ್ರವು ಉತ್ತರದೊಡನೆ ಕರೆ ಹೊರಟ ಸ್ಥಳಕ್ಕೇ ಹಿಂದಿರುಗುತ್ತದೆ. ಈ ಹಿಂದಿರುಗುವ ದಾರಿಯನ್ನು ಕುರಿತು, ಅಂತಹ ಯಂತ್ರಗಳಿನ್ನೂ ಕಾಗದದ ಮೇಲಿದ್ದಾಗಲೇ ಚಿಂತಿಸಿದವರು ಅಲನ್ ಟ್ಯೂರಿಂಗ್.

ಅವರು ಜನಿಸಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ಮದರಾಸು ಪ್ರಾಂತ್ಯದಲ್ಲಿ ಐಸಿಎಸ್ ಅಧಿಕಾರಿ; ತಾಯಿ ಹುಟ್ಟಿದ್ದು ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ. ತಂದೆತಾಯಿಯರು ಭಾರತದಲ್ಲಿದ್ದಾಗ ಮಗು ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಬೆಳೆಯಿತು.

1936ರಲ್ಲಿ ಯಂತ್ರವೊಂದು ಏನನ್ನು ಲೆಕ್ಕಹಾಕಬಲ್ಲುದೆಂಬ ಬಗ್ಗೆ ಅವರು ಬರೆದ ಪ್ರಬಂಧ ಪ್ರಸಿದ್ಧ. ಅದೇ ಪ್ರಶ್ನೆಗೆ ಅಮೆರಿಕದ ಅಲೊಂಜೊ ಚರ್ಚ್ ಲ್ಯಾಂಬ್ಡಾ ಎಂಬ ಫಂಕ್ಷನ್‌ಗಳ ಗಣಿತದಿಂದ ಉತ್ತರಿಸಿದ್ದರು. ಎರಡೂ ಮಾರ್ಗಗಳು ಸಮಾನವೆಂದು ಟ್ಯೂರಿಂಗ್ ಸಾಧಿಸಿದರು. 1938ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಚರ್ಚ್ ಅವರಲ್ಲೇ ಡಾಕ್ಟರೇಟ್ ಪಡೆದರು. ಪೈಥಾನಿನಲ್ಲಿ ಹೆಸರಿಲ್ಲದ ಫಂಕ್ಷನ್ನನ್ನು ಇಂದಿಗೂ ಲ್ಯಾಂಬ್ಡಾ ಎಂದೇ ಬರೆಯುತ್ತಾರೆ.

ಯುದ್ಧಕಾಲದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನರ ಎನಿಗ್ಮಾ ಸಂಕೇತ ಭೇದಿಸಿದ ಟ್ಯೂರಿಂಗ್, 1945ರಲ್ಲಿ ಟೆಡಿಂಗ್ಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಗೆ ಬಂದು ಏಸ್ ಎಂಬ ಗಣಕದ ಯೋಜನಾ ವರದಿ ಬರೆದರು. ಪದೇಪದೇ ಬೇಕಾಗುವ ಲೆಕ್ಕಗಳನ್ನು ಪ್ರತ್ಯೇಕ ಉಪಕಾರ್ಯಗಳಾಗಿ ಬರೆದಿಟ್ಟು, ಬೇಕೆಂದಾಗ ಅತ್ತ ಹೊರಳಬೇಕೆಂಬುದು ಅವರ ಆಶಯ. ಹೊರಳುವುದು ಸುಲಭ, ಮರಳುವುದೆಲ್ಲಿಗೆ? ಉಪಕಾರ್ಯಕ್ಕೆ ಹತ್ತೆಡೆಗಳಿಂದ ಕರೆ ಬರಬಹುದು. ಅದರೊಳಗಿಂದ ಇನ್ನೊಂದಕ್ಕೂ ಹೋಗಬಹುದು. ಮಸಾಲೆ ರುಬ್ಬುವವರು ಕಾಯಿ ತುರಿಯಲೆದ್ದು, ತುರಿಯಲು ಕಾಯಿ ಒಡೆಯಹೋದಂತೆ: ಒಡೆದಮೇಲೆ ತುರಿಮಣೆಗೆ, ತುರಿದಮೇಲೆ ರುಬ್ಬುಕಲ್ಲಿಗೆ ಮರಳಬೇಕು. ಹೊರಡುವ ಮುನ್ನ ಮರಳಬೇಕಾದ ಸ್ಥಳದ ಗುರುತನ್ನು ಸ್ಮೃತಿಯಲ್ಲಿ ಹೂತಿಡುವುದು, ಮುಗಿದಮೇಲೆ ಕೊನೆಗೆ ಹೂತದ್ದನ್ನೇ ಮೊದಲು ಮೇಲೆತ್ತುವುದು ಟ್ಯೂರಿಂಗ್ ಕಂಡ ಉಪಾಯ. ಆ ಅರ್ಥದಲ್ಲೇ ಅವಕ್ಕೆ ಬೆರಿ, ಅನ್‌ಬೆರಿ ಎಂದು ಹೆಸರಿಟ್ಟರು. ಇಂದು ಸ್ಟ್ಯಾಕ್ ಎನಿಸಿಕೊಂಡಿರುವುದು ಇದೇ.

1946ರಲ್ಲಿ ವರದಿ ಸಮಿತಿಯ ಮುಂದೆ ಬಂದಿತು, ಕೆಲಸ ಮಾತ್ರ ಕುಂಟಿತು. ಇಲೆಕ್ಟ್ರಾನಿಕ್ ಯಂತ್ರಗಳು ಯುದ್ಧದಲ್ಲಿ ಸಮರ್ಥವಾಗಿ ದುಡಿದುದನ್ನು ಟ್ಯೂರಿಂಗ್ ಬಲ್ಲವರಾಗಿದ್ದರೂ ಗೋಪ್ಯತೆಯ ಕಟ್ಟಿನಿಂದಾಗಿ ಅದನ್ನು ಹೇಳುವಂತಿರಲಿಲ್ಲ. ಬೇಸತ್ತು 1948ರಲ್ಲಿ ಮ್ಯಾಂಚೆಸ್ಟರಿಗೆ ತೆರಳಿದರು. ಏಸ್‌ನ ಕಿರುರೂಪ ಚಾಲನೆಗೊಂಡದ್ದು 1950ರ ಮೇನಲ್ಲಿ, ಅವರಿಲ್ಲದೆ.

1952ರಲ್ಲಿ ಸಲಿಂಗ ಸಂಬಂಧಕ್ಕಾಗಿ ನ್ಯಾಯಾಲಯ ಅವರನ್ನು ಅಪರಾಧಿಯೆಂದಿತು. ಸೆರೆವಾಸದ ಬದಲು ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. ದೇಶಕ್ಕಾಗಿ ಮಾಡುತ್ತಿದ್ದ ರಹಸ್ಯ ಕೆಲಸದ ಬಾಗಿಲೂ ಮುಚ್ಚಿತು. 1954ರ ಜೂನ್ 7ರಂದು, 41ನೆಯ ವಯಸ್ಸಿನಲ್ಲಿ, ಸಯನೈಡ್‌ನಿಂದ ಮೃತಪಟ್ಟರು. ವಿಚಾರಣೆ ಅದನ್ನು ಆತ್ಮಹತ್ಯೆಯೆಂದು ದಾಖಲಿಸಿತು. ಬ್ರಿಟಿಷ್ ಸರ್ಕಾರ ಕ್ಷಮೆ ಕೋರಿದ್ದು 2009ರಲ್ಲಿ. ರಾಣಿಯ ಕ್ಷಮಾದಾನ ದೊರೆತದ್ದು 2013ರಲ್ಲಿ.

ಸ್ಟ್ಯಾಕ್ ತತ್ತ್ವಕ್ಕೆ 1957ರಲ್ಲಿ ಜರ್ಮನಿಯ ಬಾವರ್ ಮತ್ತು ಸಾಮೆಲ್ಸನ್ ಹಕ್ಕುಪತ್ರ ಕೋರಿದರು. ಟ್ಯೂರಿಂಗ್ ವರದಿ ಪುಸ್ತಕರೂಪದಲ್ಲಿ ಓದುಗರ ಕೈಸೇರುವಾಗ 1986 ಆಗಿತ್ತು.